ಪೋಖರಾ ಬಸ್ಸಿನಲ್ಲಿ ಎರಡು ಕರಡಿಗೆ

ಬೆನ್ನಿಗೆ ಚೀಲ ಹಾಕಿಕೊಂಡು ಹೊರದೇಶ ಸುತ್ತುವುದನ್ನು ಈಗಿನವರು ತಾವೇ ಕಂಡುಹಿಡಿದ ಹಾಗೆ ಮಾತಾಡುತ್ತಾರೆ. ನಾನೂ ನನ್ನ ಹೆಂಡತಿಯೂ ಎಂಬತ್ತರ ದಶಕದ ಮೊದಲಲ್ಲೇ ಅದನ್ನು ಮಾಡಿ ಮುಗಿಸಿದವರು. ಹೊರದೇಶ ಅಂದರೆ ನೇಪಾಳ. ಪಾಸ್‌ಪೋರ್ಟ್ ಬೇಡವಾದ್ದರಿಂದ ಅದು ಹೊರದೇಶವೇ ಅಲ್ಲ ಅಂತ ಯಾರಾದರೂ ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಲ್ಲಿ ದುಡ್ಡು ಬೇರೆ, ಮಾತು ಬೇರೆ, ಚಳಿಯಂತೂ ಬೇರೆಯೇ. ಇನ್ನೇನು ಬೇಕು?

ತೆಲುಗು ಸೀಮೆಯ ಕಲ್ಯಾಣದುರ್ಗದಲ್ಲಿ ನನ್ನದು ಸೈಕಲ್ ಅಂಗಡಿ. ಹೆಂಡತಿ ಹಿಂದೂಪುರದವಳು, ಹುಣಸೆಹಣ್ಣಿನ ವ್ಯಾಪಾರಸ್ಥರ ಮಗಳು. ಟೈರಿನವರು ಕೊಟ್ಟ ಕ್ಯಾಲೆಂಡರಿನಲ್ಲಿ ಒಂದು ಹಿಮದ ಬೆಟ್ಟದ ಚಿತ್ರ ಇತ್ತು. ವರ್ಷ ಮುಗಿದರೂ ಅವಳು ಆ ಹಾಳೆ ಹರಿಯಲಿಲ್ಲ. "ಇದನ್ನ ಕಣ್ಣಾರೆ ನೋಡ್ಬೇಕು ಕಣ್ರೀ" ಅಂತ ಮೂರು ವರ್ಷ ಹೇಳಿದಳು. ನಾಲ್ಕನೇ ವರ್ಷ ನಾನು ಅಂಗಡಿಗೆ ಬೀಗ ಹಾಕಿದೆ.

ಹಳೆಯ ಲಾರಿ ಟಾರ್ಪಾಲಿನಲ್ಲಿ ಎರಡು ಚೀಲ ಹೊಲಿಸಿದ್ದೆ. ಭುಜದ ಪಟ್ಟಿಗೆ ಸೈಕಲ್ ಟ್ಯೂಬು ಕತ್ತರಿಸಿ ಹಾಕಿಸಿದ್ದು ನನ್ನದೇ ತಲೆ. ಭುಜ ನೋಯುವುದಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಭುಜ ನೋಯಲಿಲ್ಲ ನಿಜ, ಆದರೆ ರಬ್ಬರು ಹಿಗ್ಗಿ ಹಿಗ್ಗಿ ಗೋರಖಪುರ ಬರುವ ಹೊತ್ತಿಗೆ ಚೀಲ ಮೊಣಕಾಲಿನ ಹಿಂದೆ ಬಡಿಯುತ್ತಿತ್ತು. ಒಳಗೆ ಸೀಮೆಎಣ್ಣೆ ಸ್ಟೌ, ರಾಗಿ ಹುರಿಹಿಟ್ಟು, ಕಡಲೆಕಾಯಿ ಚಟ್ನಿಪುಡಿ, ವಿಭೂತಿ ಗಟ್ಟಿ. ಸ್ಟೌ ರೈಲಿನಲ್ಲಿ ಸೋರಿ ನನ್ನ ಎರಡೂ ಪಂಚೆ ಸೀಮೆಎಣ್ಣೆ ಕುಡಿದವು. ಅದರಿಂದ ಒಂದು ಉಪಕಾರವೂ ಆಯಿತು. ಯಾವ ಬಸ್ಸು ಹತ್ತಿದರೂ ನಮ್ಮ ಪಕ್ಕ ಯಾರೂ ಕೂರುತ್ತಿರಲಿಲ್ಲ, ಮೂರು ಜನದ ಸೀಟಿನಲ್ಲಿ ನಾವಿಬ್ಬರೇ ಕಾಲು ಚಾಚಿಕೊಂಡು ಹೋದೆವು.

ಕಾಠ್ಮಂಡುವಿನಲ್ಲಿ ಎಲ್ಲಕ್ಕಿಂತ ಅಗ್ಗದ ರೂಮು ಹಿಡಿದೆವು. ಬಾಗಿಲು ಎಷ್ಟು ಗಿಡ್ಡ ಅಂದರೆ, ಮೂರು ದಿನದಲ್ಲಿ ನನ್ನ ಹಣೆಯ ಮೇಲೆ ವಿಭೂತಿಗೆ ಜಾಗ ಇಲ್ಲದಷ್ಟು ಬುಗುಟು. ನನ್ನ ಹೆಂಡತಿ ಮಾತ್ರ ರಾಣಿಯ ಹಾಗಿದ್ದಳು. ಮನೆಯ ಯಜಮಾನಿ ನೇಪಾಳಿಯಲ್ಲಿ ಮಾತಾಡುವುದು, ಇವಳು ತೆಲುಗಿನಲ್ಲಿ ಉತ್ತರ ಕೊಡುವುದು. ಇಬ್ಬರೂ ಬಿಸಿಲಿಗೆ ಕೂತು ಕಿತ್ತಳೆ ಸುಲಿಯುತ್ತ ಗಂಟೆಗಟ್ಟಲೆ ನಗುತ್ತಿದ್ದರು. ಏನು ಮಾತಾಡಿದಿರಿ ಅಂತ ಕೇಳಿದರೆ, "ನಿಮ್ ವಿಷ್ಯಾನೇ" ಅನ್ನುತ್ತಿದ್ದಳು. ಪಶುಪತಿನಾಥನ ದರ್ಶನವೂ ಆಯಿತು. ನಾಲ್ಕನೇ ದಿನ ಬೆಟ್ಟ ಚೆನ್ನಾಗಿ ಕಾಣುವ ಪೋಖರಾಕ್ಕೆ ಬಸ್ಸು ಹತ್ತಿದೆವು.

ಇಲ್ಲಿ ಒಂದು ವಿಷಯ ಮೊದಲೇ ಹೇಳಿಬಿಡಬೇಕು. ನಾವು ಲಿಂಗ ಕಟ್ಟುವ ಜನ. ಗಂಡಸಾಗಲಿ ಹೆಂಗಸಾಗಲಿ, ತಮ್ಮ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡಿರುತ್ತಾರೆ. ಬೆಳಿಗ್ಗೆ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ನನ್ನ ಹೆಂಡತಿ ಒಂದು ಗುಟುಕು ಕಾಫಿಯನ್ನೂ ಮುಟ್ಟುವವಳಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ನಮ್ಮ ಮನೆಯಲ್ಲಿ ಇಣುಕಿ ನೋಡುವ ಪದ್ಧತಿಯೂ ಇಲ್ಲ. ದಿನಾ ಬೆಳಿಗ್ಗೆ ನಾವಿಬ್ಬರೂ ಪಕ್ಕಪಕ್ಕದಲ್ಲೇ ಪೂಜೆಗೆ ಕೂರುತ್ತಿದ್ದೆವು. ಅವಳು ಪೂರ್ವಕ್ಕೆ, ನಾನು ಗೋಡೆಯ ಕಡೆಗೆ, ಅಂಗೈ ಮೇಲೆ ಟವಲ್ ಮುಚ್ಚಿಕೊಂಡು. ಯಾಕೆಂದರೆ ನನ್ನ ಕೈಯಲ್ಲಿ ಲಿಂಗ ಇರುತ್ತಿರಲಿಲ್ಲ.

ಆ ಪ್ರಯಾಣಕ್ಕೆ ಒಂಬತ್ತು ವರ್ಷದ ಹಿಂದೆ ಅಂಗಡಿಯಲ್ಲಿ ಕ್ಯಾರಿಯರ್ ಬಿಚ್ಚುವಾಗ ಸೈಕಲ್ಲು ಜಾರಿ ಎದೆಯ ಮೇಲೆ ಬಿದ್ದಿತ್ತು. ಕರಡಿಗೆ ತೆಗೆದು ನೋಡಿದರೆ ಲಿಂಗ ಬಿರುಕು ಬಿಟ್ಟಿದೆ. ಲಿಂಗ ಭಿನ್ನವಾದರೆ ನಮ್ಮ ಗುರುಗಳಾದ ಅಯ್ಯನವರಿಗೆ ಹೇಳಿ ಬೇರೆ ಕಟ್ಟಿಸಿಕೊಳ್ಳಬೇಕು, ಅಷ್ಟೇ ಮಾಡಬೇಕಾಗಿದ್ದುದು. ಆದರೆ ಅವಳು ಗಾಬರಿಯಾದಾಳು, ಅಪಶಕುನ ಅಂದಾಳು ಅಂತ ನಾಳೆ ಹೇಳೋಣ ಅಂದುಕೊಂಡೆ. ಬಿರುಕು ಬಿಟ್ಟದ್ದನ್ನು ಬಟ್ಟೆಯಲ್ಲಿ ಸುತ್ತಿ ಅಂಗಡಿಯ ಗೂಡಿನಲ್ಲಿಟ್ಟೆ. ಆ ನಾಳೆ ಬರಲೇ ಇಲ್ಲ. ಖಾಲಿ ಕರಡಿಗೆಯಲ್ಲಿ ಹೇಗೋ ನಶ್ಯ ಬಂದು ಕೂತಿತು. ನಶ್ಯ ಬಿಟ್ಟೆ ಅಂತ ಅವಳಿಗೆ ಮಾತು ಕೊಟ್ಟಿದ್ದೆ, ಅದಕ್ಕೆ ಇದಕ್ಕಿಂತ ಭದ್ರವಾದ ಜಾಗ ಇನ್ನೆಲ್ಲಿ? ನನ್ನ ಬುದ್ಧಿವಂತಿಕೆಗೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೆ.

ಪೋಖರಾ ದಾರಿಯಲ್ಲಿ ಒಂದು ಹೊಳೆಯ ಪಕ್ಕ ಪೊಲೀಸರು ಬಸ್ಸು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿದ್ದ ಇಬ್ಬರು ಬಿಳಿಯರ ಚೀಲದಲ್ಲಿ ಚರಸ್ ಸಿಕ್ಕಿತು. ಕರಿಯ ಅಂಟು ಉಂಡೆ. ಅದನ್ನು ಎತ್ತಿಟ್ಟುಕೊಂಡ ಸಾಹೇಬ, ಬೆನ್ನಿಗೆ ಚೀಲ ಹಾಕಿದವರೆಲ್ಲ ಕೆಳಗಿಳಿಯಿರಿ ಅಂದ. ಬಸ್ಸಿನಲ್ಲಿ ಆ ಥರ ಚೀಲ ಇದ್ದದ್ದು ಅವರಿಬ್ಬರನ್ನು ಬಿಟ್ಟರೆ ನಮ್ಮ ಹತ್ತಿರವೇ. ನಾನು ಎದೆ ಸೆಟೆಸಿಕೊಂಡೇ ಇಳಿದೆ. ಹಿಂದೂಪುರದ ಸಂತೆಯಲ್ಲಿ ಕಲಿತ ಉರ್ದು ನನ್ನ ಬಾಯಲ್ಲಿತ್ತು, ನನಗೇನು ಭಯ?

ಮೊದಲು ಹುರಿಹಿಟ್ಟಿನ ಡಬ್ಬಿ ಹೊರಗೆ ಬಂತು. ಕಂದು ಪುಡಿ! ಏನಿದು ಅಂದ. ನಾನು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ನೆತ್ತಿಗೆ ಹತ್ತಿ ಕೆಮ್ಮುತ್ತಲೇ "ಖಾನಾ, ಖಾನಾ" ಅಂದೆ. ಆಮೇಲೆ ವಿಭೂತಿ ಗಟ್ಟಿ. ಬಿಳಿ ಪುಡಿ! ಅದನ್ನು ಹಣೆಗೆ ಬಳಿದುಕೊಂಡು ತೋರಿಸಿದೆ. ಬಸ್ಸಿನ ಜನ ಕಿಟಕಿಯಲ್ಲಿ ತಲೆ ಹಾಕಿ ನಗುತ್ತಿದ್ದರು. ಸಾಹೇಬನೂ ಸ್ವಲ್ಪ ನಕ್ಕ. ಅಷ್ಟರಲ್ಲಿ ಅವನ ಕಣ್ಣು ನನ್ನ ಹೆಂಡತಿಯ ಕೊರಳಿನ ಮೇಲೆ ಬಿತ್ತು.

ಅವಳು ಏನೂ ಅಳುಕದೆ ಕರಡಿಗೆ ತೆರೆದು ತೋರಿಸಿದಳು. ಲಿಂಗದ ಮೇಲೆ ಕರಿಯ ಲೇಪ ಇರುತ್ತದೆ, ಮೇಣದ ಹಾಗೆ ಮಿನುಗುತ್ತದೆ. ಸಾಹೇಬನ ನಗು ನಿಂತಿತು. ಜೇಬಿನಿಂದ ಸಣ್ಣ ಚಾಕು ತೆಗೆದ. ಸ್ವಲ್ಪವೇ ಕೆರೆದು ನೋಡುತ್ತೇನೆ ಅಂದ.

ಅವಳು ಅಂಗೈ ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. "ಇದಕ್ಕೆ ಚಾಕು ತಗುಲ್ತು ಅಂದ್ರೆ ನಾನು ಇಲ್ಲೇ ಅನ್ನ ನೀರು ಬಿಟ್ಟು ಕೂತ್ಕತೀನಿ. ಹೇಳ್ರಿ ಅವನ್ಗೆ" ಅಂದಳು. ಅವಳು ಹಾಗೆ ಅಂದರೆ ಹಾಗೇ ಮಾಡುವವಳು.

ನಾನು ಜೋರು ಮಾಡಿದೆ. ಇದು ನಮ್ಮ ದೇವರು, ಚರಸ್ ಅಲ್ಲ, ನಮ್ಮ ಜನರೆಲ್ಲ ಕೊರಳಿಗೆ ಕಟ್ಟುತ್ತಾರೆ, ಒಬ್ಬರನ್ನೂ ಬಿಡದೆ ಕಟ್ಟುತ್ತಾರೆ ಅಂತ ಕೂಗಿದೆ. ಸಾಹೇಬ ಸಮಾಧಾನದಿಂದ ಕೇಳಿಸಿಕೊಂಡ. "ಎಲ್ಲರೂ? ಹಾಗಾದರೆ ನಿನ್ನದು ತೋರಿಸು. ಎರಡೂ ಒಂದೇ ಥರ ಇದ್ದರೆ ಬಿಟ್ಟುಬಿಡುತ್ತೇನೆ" ಅಂದ.

ನ್ಯಾಯವಾದ ಮಾತೇ. ಅಯಿಪೋಯಿಂದಿ, ಮುಗೀತು, ಅಂದುಕೊಂಡೆ ಒಳಗೇ. ನಮ್ಮ ಕಡೆ ಕೆಲಸ ಕೆಟ್ಟಾಗ ತೆಲುಗೇ ಮೊದಲು ಬರುವುದು. ಹೆಂಡತಿಯ ಮುಖದಲ್ಲಿ ಮಾತ್ರ ಜೀವ ಬಂದಿತ್ತು. "ತೋರ್ಸ್ರಿ ಮತ್ತೆ! ಏನು ಕಲ್ಲಿನಂಗೆ ನಿಂತ್ಬುಟ್ರಿ?" ಅಂದಳು. ನಾನು ಅಂಗಿಯ ಗುಂಡಿ ಬಿಚ್ಚಲು ಹೆಣಗಾಡುತ್ತಿದ್ದೆ. ಸಾಹೇಬನಿಗೆ ತಾಳ್ಮೆ ಕೆಟ್ಟಿತು, ತಾನೇ ಕೈ ಹಾಕಿ ಕರಡಿಗೆಯನ್ನು ಹೊರಗೆಳೆದು, ಮುಚ್ಚಳ ತೆಗೆದು, ಮೂಗು ಹತ್ತಿರ ತಂದ.

ಎಂಟು ಸೀನು ಸೀನಿದ. ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. ಟೋಪಿ ಕೆಳಗೆ ಬಿತ್ತು, ಕಣ್ಣಲ್ಲಿ ನೀರು. ನನಗೂ ಒಂದು ಕ್ಷಣ ನಗು ಬಂತು ಅಂತ ಒಪ್ಪಿಕೊಳ್ಳಬೇಕು. ಆಮೇಲೆ ಅವಳನ್ನು ನೋಡಿದೆ. ಅವಳು ಕರಡಿಗೆಯ ಒಳಗೆ ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಮನೆಗೆ ಬಂದ ಗುರುತಿಲ್ಲದವನನ್ನು ಯಾರು ನೀನು ಅಂತ ನೋಡುತ್ತಾರಲ್ಲ, ಹಾಗೆ ನೋಡಿದಳು.

ನನ್ನ ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಒಂದು ಕರಡಿಗೆಯಲ್ಲಿ ನಶ್ಯ ಬಚ್ಚಿಟ್ಟವರು ಇನ್ನೊಂದರಲ್ಲಿ ಚರಸ್ ಬಚ್ಚಿಡದೆ ಇರುತ್ತಾರಾ? ಸಾಹೇಬ ಕಣ್ಣೊರೆಸಿಕೊಂಡು ಮತ್ತೆ ಚಾಕು ಹಿಡಿದ. ನಾನು ಅವನ ಕೈ ಹಿಡಿಯಲು ಹೋದೆ, ಒಬ್ಬ ಪೇದೆ ನನ್ನನ್ನು ಪಕ್ಕಕ್ಕೆ ತಳ್ಳಿದ. ಆಗ ನನ್ನ ಹೆಂಡತಿ ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತಳು. ಎಡ ಅಂಗೈಯನ್ನು ಬಿಚ್ಚಿ, ಬಲಗೈಯಲ್ಲಿ ನಮ್ಮ ನೀರಿನ ಬಾಟಲಿಯಿಂದ ನಿಧಾನವಾಗಿ ನೀರು ಎರೆದಳು. ನೀರು ತಿಳಿಯಾಗಿಯೇ ಬೆರಳಿನ ಸಂದಿಯಿಂದ ಇಳಿಯಿತು. ಆಮೇಲೆ ಅಂಗೈಯನ್ನು ಮುಂದೆ ಚಾಚಿ, "ಮುಟ್ಬೇಡ. ಬಗ್ಗಿ ಮೂಸಿ ನೋಡಪ್ಪ" ಅಂದಳು, ಕನ್ನಡದಲ್ಲೇ.

ಅವನಿಗೆ ಅರ್ಥವಾಯಿತು. ಆದರೆ ಈಗಷ್ಟೇ ಸೀನಿದ ಮೂಗು, ಬಗ್ಗಲು ಹೆದರಿಕೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಚೂರುಚೂರೇ ಬಗ್ಗಿ ಅವಳ ಅಂಗೈ ಹತ್ತಿರ ತಲೆ ತಂದ. ಕಿಟಕಿಯಲ್ಲಿದ್ದ ಒಬ್ಬ ಮುದುಕಿ ಅದನ್ನು ನೋಡಿ ತಾನೂ ಕೈ ಮುಗಿದಳು. ಸಾಹೇಬ ನೆಟ್ಟಗಾಗಿ ಚಾಕು ಮಡಚಿದ. ಹೋಗಮ್ಮ ಅಂದ. ನನ್ನ ಕಡೆ ಮಾತ್ರ ನೋಡಲೂ ಇಲ್ಲ.

ಬಸ್ಸಿನಲ್ಲಿ ಅವಳು ಆ ಮುದುಕಿಯ ಪಕ್ಕ ಹೋಗಿ ಕೂತಳು. ಸೀಮೆಎಣ್ಣೆ ಪಂಚೆಯವನಿಗೆ ಮೂರು ಜನದ ಸೀಟು ಪೂರ್ತಿ ಸಿಕ್ಕಿತು. ಪೋಖರಾದಲ್ಲಿ ರೂಮು ಹಿಡಿದೆವು, ಅವಳು ಸ್ಟೌ ಹಚ್ಚಿ ಅನ್ನ ಮಾಡಿದಳು, ನನಗೆ ತಟ್ಟೆಯಲ್ಲಿ ಇಟ್ಟು ತಾನು ವರಾಂಡಕ್ಕೆ ಹೋಗಿ ಊಟ ಮಾಡಿದಳು. ಲಿಂಗವಿಲ್ಲದವನ ಜೊತೆ ಅವಳು ಊಟಕ್ಕೆ ಕೂರುವುದಿಲ್ಲ. ಮಾರನೇ ದಿನವೂ ಹಾಗೇ. ಬೆಟ್ಟದ ಮೇಲೆ ಮೋಡ ಕವಿದಿತ್ತು, ನಮ್ಮ ರೂಮಿನಲ್ಲೂ ಅದೇ ಕಥೆ.

ನನಗೆ ರೇಗಿತು. "ಒಂದು ಚಿಟಿಕೆ ನಶ್ಯಕ್ಕೆ ಇಷ್ಟೊಂದು ಮಾಡ್ತೀಯಲ್ಲ! ದೇಶ ಬಿಟ್ಟು ದೇಶಕ್ಕೆ ಕರ್ಕೊಂಡ್ ಬಂದೀನಿ" ಅಂತ ಕೂಗಾಡಿದೆ. ಕೂಗಾಡಿದ ಮೇಲೆ ನನಗೇ ನಾಚಿಕೆಯಾಯಿತು. ಎದುರು ಕೂತು ಎಲ್ಲವನ್ನೂ ಹೇಳಿದೆ. ಸೈಕಲ್ಲು ಬಿದ್ದದ್ದು, ಬಿರುಕು, ಗೂಡು, ಬಾರದ ನಾಳೆ, ಟವಲ್ಲು.

ಅವಳು ಎಲ್ಲ ಕೇಳಿಸಿಕೊಂಡು ಅಂದಳು, "ಒಡೆದೋದ್ರೆ ಬೇರೆ ಕಟ್ತಿದ್ರು. ಯಾರ್ರೀ ಬೈತಿದ್ರು ನಿಮ್ಮನ್ನ? ನಶ್ಯನೂ ಹಾಳಾಗೋಗ್ಲಿ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಇಬ್ರೂ ಕೂತೀವಿ ಅಂದ್ಕಂಡಿದ್ದೆ. ನಾನೊಬ್ಳೇ ಕೂತಿದ್ನಲ್ರೀ."

 

ಮೂರನೇ ಬೆಳಿಗ್ಗೆ ರೂಮಿನ ಯಜಮಾನ ಬಾಗಿಲು ಬಾಗಿಲಿಗೂ ಬಡಿಯುತ್ತ "ಹಿಮಾಲ್! ಹಿಮಾಲ್!" ಅಂತ ಕೂಗಿಕೊಂಡು ಹೋದ. ಮಹಡಿ ಹತ್ತಿ ನೋಡಿದರೆ ಒಂದು ಚೂರು ಮೋಡವಿಲ್ಲ. ಬೆಟ್ಟ ಅಷ್ಟು ಎತ್ತರಕ್ಕೆ ಇರುತ್ತದೆ ಅಂತ ಗೊತ್ತಿಲ್ಲದೆ ನಾನು ಮೊದಲು ಕೆಳಗೆಲ್ಲೋ ಹುಡುಕಿದೆ. ಆಮೇಲೆ ಕತ್ತೆತ್ತಿ ನೋಡಿ, ಅಯ್ಯೋ ಶಿವನೇ ಅಂದೆ. ಅವಳು ಆಗಲೇ ಸ್ನಾನ ಮಾಡಿ ಚಾಪೆ ಹಾಸಿಕೊಂಡು ಪೂಜೆಗೆ ಕೂತಿದ್ದಳು. ನಾನು ಮೆಟ್ಟಿಲ ಹತ್ತಿರವೇ ನಿಂತೆ.

"ಅಲ್ಯಾಕೆ ನಿಂತ್ರಿ? ಬಂದು ಕೂತ್ಕಳ್ರಿ" ಅಂದಳು, ತಿರುಗದೆ.

"ನನ್ ಕೈಯಾಗೆ ಏನೂ ಇಲ್ವಲ್ಲೇ."

"ಗೊತ್ತು. ಕೂತ್ಕಳ್ರಿ."

ಚಾಪೆಯ ಇನ್ನೊಂದು ತುದಿಯಲ್ಲಿ ಕೂತೆ. ಟವಲ್ಲು ಮುಚ್ಚಲಿಲ್ಲ. ಎಡ ಅಂಗೈಯನ್ನು ಹಾಗೇ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಪೂಜೆ ಮಾಡುವುದನ್ನು ಕಂಡೆ. ಅಷ್ಟು ದೂರದಿಂದ ನೋಡಲು ಬಂದ ಬೆಟ್ಟ ಎದುರಿಗೇ ಇದ್ದರೂ ಅವಳು ಕಣ್ಣೆತ್ತಲಿಲ್ಲ. ನಾನೂ ಬೆಟ್ಟ ಮರೆತು ಅವಳನ್ನೇ ನೋಡುತ್ತ ಕೂತೆ.

ಪೂಜೆ ಮುಗಿಸಿ, ಬೆಟ್ಟವನ್ನು ಕಣ್ತುಂಬ ನೋಡಿ, ಅವಳು ನನ್ನ ಕಡೆ ತಿರುಗಿದಳು. "ಊರಿಗೋದ್ ಮೇಲೆ ಅಯ್ನೋರ್ ಹತ್ರ ಬೇರೆ ಕಟ್ಟಿಸ್ಕಳ್ರಿ. ಅಲ್ಲೀಗಂಟ ಖಾಲಿ ಕೈಯಾಗೇ ದಿನಾ ಕೂತ್ಕಳ್ರಿ. ಖಾಲಿ ಅಂತ ನಂಗ್ ಗೊತ್ತಿರ್ತೈತೆ, ಅಷ್ಟು ಸಾಕು" ಅಂದಳು.

ಆಮೇಲೆ ಕೆಳಗೆ ಹೋಗಿ ಎರಡು ತಟ್ಟೆ ತಂದು, ಎರಡನ್ನೂ ಒಂದೇ ಚಾಪೆಯ ಮೇಲೆ ಇಟ್ಟಳು.