ನಾಲ್ಕನೇ ಜ್ವರ

ನವೆಂಬರ್ 9, ಭಾನುವಾರ. ಬೆಳಿಗ್ಗೆ 6.40ಕ್ಕೆ ಬರೆಯಲು ಕೂತೆ.

ರೇಷ್ಮೆ ಹುಳಕ್ಕೆ ನಾಲ್ಕು ಜ್ವರ. ಅದು ಕಾಯಿಲೆಯಲ್ಲ. ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಅಲುಗಾಡದೆ ಇದ್ದು ಹಳೆಯ ಪೊರೆ ಕಳಚಿಕೊಳ್ಳುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು. ಹುಳವೆಲ್ಲ ಜ್ವರದಿಂದ ಎದ್ದ ಮೇಲೆ ಹಾಕಬೇಕು. ನಮ್ಮೂರು ಶಾಗ್ಯದ ಬೀದಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ಸೆಪ್ಟೆಂಬರ್ 20ರಂದು, ಸ್ಪೇನ್ ದೇಶದ ವಲೆನ್ಸಿಯಾ ಎಂಬ ಊರಿನ ಕಡಲ ದಂಡೆಯಲ್ಲಿ ಊಟಕ್ಕೆ ಕೂತಿದ್ದಾಗ, ನಾನು ಈ ಪದವನ್ನು ಡೈರಿಯಲ್ಲಿ ಹುಳದ ಲೆಕ್ಕಕ್ಕೆ ಬರೆದುಕೊಂಡೆ. ಜ್ವರ ಬಂದಿದ್ದು ದೊಡ್ಡವ್ವನಿಗೆ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ನನಗೆ ಆರು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು, ಅಲ್ಲಿಂದ ಸಾಕಿದ್ದು ಇವಳೇ. ಮನೆಯಲ್ಲಿ ನಾವಿಬ್ಬರೇ. ನಾನು ಕೊಳ್ಳೇಗಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಎಂಟನೇ ತರಗತಿಯಿಂದ ಡೈರಿ ಇಟ್ಟಿದ್ದೇನೆ. ಅದರಲ್ಲಿ ಪ್ರತಿ ಬೆಳೆಗೂ ಒಂದು ಪುಟ: ಹುಳ ಮನೆಗೆ ಬಂದ ದಿನ, ಎಷ್ಟು ತಟ್ಟೆ, ಯಾವ ಜ್ವರ ಯಾವತ್ತು, ಗೂಡು ಕಟ್ಟುವಷ್ಟು ಹಣ್ಣಾದದ್ದು ಯಾವತ್ತು. ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. "ನನ್ ಮೂಗಿಗೇ ಗೊತ್ತಾಯ್ತದೆ, ನಿನ್ ಬುಕ್ಕಿಗೇನ್ ಗೊತ್ತಾದ್ದು?" ಎಂದು ಅಣಕಿಸುತ್ತಿದ್ದಳು. ಜ್ವರ ಒಂದು ದಿನ ತಡವಾದರೆ ಮಾತ್ರ ಬಂದು ಪಕ್ಕದಲ್ಲಿ ಕೂತು, "ವಸಿ ನೋಡಮ್ಮಿ, ಓದ್ಸಲ ಎಷ್ಟ್ ದಿನಕ್ಕೆ ಕುಂತಿದ್ದೊ" ಎನ್ನುತ್ತಿದ್ದಳು.

ವಲೆನ್ಸಿಯಾದಲ್ಲಿ ನನ್ನ ಕಾಲೇಜಿನ ಗೆಳತಿಯೊಬ್ಬಳು ಓದುತ್ತಿದ್ದಾಳೆ. ಯಳಂದೂರಿನವಳು. ಒಂದು ವಾರ ಬಂದು ಊರು ನೋಡಿ, ಉಂಡು ಹೋಗು ಎಂದು ವರ್ಷದಿಂದ ಕರೆಯುತ್ತಿದ್ದಳು. ನಾಲ್ಕು ವರ್ಷದಲ್ಲಿ ನಾನು ಒಟ್ಟು ಆರು ದಿನ ರಜೆ ಹಾಕಿದ್ದೆ. ಹೋಗಲೋ ಬೇಡವೋ ಎಂದು ಹೊಯ್ದಾಡುತ್ತಿದ್ದವಳನ್ನು ಹೊರಡಿಸಿದ್ದು ದೊಡ್ಡವ್ವ.

"ಓಗ್ಬಾ. ನಾನೇನ್ ಹುಳ್ವಾ, ನೀನಿದ್ದು ಒತ್ತೊತ್ಗೆ ಸೊಪ್ಪಾಕಕೆ?"

ಆ ಊರಲ್ಲೂ ಹಿಂದೆ ಹುಳ ಸಾಕುತ್ತಿದ್ದರು, ರೇಷ್ಮೆ ವ್ಯಾಪಾರದ ಹಳೆಯ ಕಟ್ಟಡವೊಂದಿದೆ ಎಂದು ಗೆಳತಿ ಫೋನಿನಲ್ಲಿ ಹೇಳಿದ್ದು ದೊಡ್ಡವ್ವನ ಕಿವಿಗೆ ಬಿದ್ದಿತ್ತು. "ಅಂಗಾರೆ ಆ ಜನ ಜ್ವರುಕ್ಕೆ ಏನಂತರೆ ಕೇಳ್ಕಂಡು ಬಾ. ನನ್ಗೆ ಸೀರೆ ಬ್ಯಾಡ, ಗೀರೆ ಬ್ಯಾಡ. ಆ ಮಾತು ತಕಂಡು ಬಾ ಸಾಕು."

ಸೆಪ್ಟೆಂಬರ್ 14, ಭಾನುವಾರ. ಚಾಕಿ, ಅಂದರೆ ಮರಿಹುಳ, ಸಾಕುವವರ ಹತ್ತಿರದಿಂದ ಎರಡನೇ ಜ್ವರ ಎದ್ದ ಹುಳ ಮನೆಗೆ ಬಂತು. ನಲವತ್ತೆರಡು ತಟ್ಟೆ. ಮೂರನೇ ಜ್ವರ 17ಕ್ಕೆ, ನಾಲ್ಕನೆಯದು 22ರ ಸಂಜೆಗೆ ಎಂದು ಬರೆದು, ಪಕ್ಕದ ಮನೆಯ ಅತ್ತೆಗೆ ಸೊಪ್ಪು ಕೊಯ್ಯಲು ಕೈ ಜೋಡಿಸುವಂತೆ ಹೇಳಿ, ಅವತ್ತೇ ಹೊರಟೆ. ಫೋನಿನಲ್ಲಿ ಮೈಕಿನ ಗುರುತು ಒತ್ತಿ ಮಾತಾಡಿ ಕಳಿಸುವುದನ್ನು ದೊಡ್ಡವ್ವನಿಗೆ ಕಲಿಸಿದ್ದೆ.

16ರಂದು ಊರು ತಿರುಗಿದೆವು. ಅಲ್ಲಿ ನೀರಿಲ್ಲದ ಒಂದು ಹೊಳೆಯಿದೆ. ಪ್ರವಾಹ ಬಂದಿತೆಂದು ಹೊಳೆಯನ್ನೇ ಊರಾಚೆಗೆ ತಿರುಗಿಸಿ, ಹಳೆಯ ಪಾತ್ರದಲ್ಲಿ ಮೈಲುಗಟ್ಟಲೆ ತೋಟ ಮಾಡಿದ್ದಾರೆ. ಸೇತುವೆಗಳು ಮಾತ್ರ ಹಾಗೇ ಉಳಿದಿವೆ, ಕೆಳಗೆ ಮಕ್ಕಳು ಸೈಕಲ್ ಹೊಡೆಯುತ್ತಾರೆ. ನಾವು ನಡೆದಷ್ಟು ದಾರಿಯಲ್ಲಿ ಏಳು ಹಿಪ್ಪುನೇರಳೆ ಮರ ಸಿಕ್ಕವು. ಒಂದು ಎಲೆ ಕಿತ್ತು ಮೂಸಿದೆ. ನಮ್ಮದೇ ವಾಸನೆ.

17ರಂದು ಫೋನಿಗೆ ದೊಡ್ಡವ್ವನ ದನಿ ಬಂತು: "ಜ್ವರುಕ್ಕೆ ಕುಂತವೆ ಕಣಮ್ಮಿ. ನಿನ್ ಬುಕ್ಕು ಗೆಲ್ತು." ಹೇಳಿದ ದಿನಕ್ಕೇ ಕೂತಿದ್ದವು. ಗುರುತು ಹಾಕಿದೆ.

18ರಂದು ರೇಷ್ಮೆ ವ್ಯಾಪಾರದ ಕಟ್ಟಡ ನೋಡಿದೆವು. ನಡುಮನೆಯಲ್ಲಿ ಎಂಟು ಕಂಬ. ಒಂದೊಂದೂ ಹುರಿ ಮಾಡಿದ ನೂಲಿನ ಹಾಗೆ ತಿರುಚಿಕೊಂಡು ಮೇಲೇರಿ, ಚಾವಣಿಯಲ್ಲಿ ಎಳೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಳೆಯ ಮಗ್ಗಗಳನ್ನು ಇಟ್ಟಿರುವ ಇನ್ನೊಂದು ಮನೆಗೆ ಹೋದೆವು. ಅಲ್ಲಿ ಟಿಕೆಟ್ ಹರಿಯುತ್ತಿದ್ದ ಹೆಂಗಸಿಗೆ ಅರವತ್ತರ ಆಚೆ ವಯಸ್ಸಿರಬಹುದು. ಹುಳ ಸೊಪ್ಪು ಬಿಟ್ಟು ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಗೆಳತಿಯಿಂದ ಕೇಳಿಸಿದೆ. ಗೆಳತಿಗೆ ಬರುವುದು ಅರೆಬರೆ ಸ್ಪ್ಯಾನಿಷ್. ಆ ಹೆಂಗಸು ಮಾತಾಡಿದ್ದು ಆ ಸೀಮೆಯ ಸ್ವಂತ ಭಾಷೆ, ಅದೂ ಬಿರುಸಾಗಿ. ಕೊನೆಗೆ ಅಂಗೈ ಕೆನ್ನೆಗಿಟ್ಟು, ಕಣ್ಣು ಮುಚ್ಚಿ ತೋರಿಸಿದಳು. ನಿದ್ದೆ. ಅದಾದ ಕೂಡಲೇ ಗೋಡೆಯ ಗಡಿಯಾರ ತೋರಿಸಿ, ನಮ್ಮನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡಳು. ಎರಡು ಗಂಟೆ ಐದು ನಿಮಿಷ.

"ಹುಳ ಮಲ್ಗುತ್ತೆ ಅಂದ್ಲೊ, ನಾನ್ ಮಲಗ್ಬೇಕು ಎದ್ದೋಗಿ ಅಂದ್ಲೊ?" ಎಂದಳು ಗೆಳತಿ. ಆ ಬಾಗಿಲ ಮುಂದೆ ನಿಂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಾನು ಗುಮಾನಿಯನ್ನು ನನ್ನಲ್ಲೇ ಇಟ್ಟುಕೊಂಡು, ಇಲ್ಲಿ ನಿದ್ದೆ ಅಂತಾರೆ ಕಣವ್ವ ಎಂದು ಕಳಿಸಿದೆ. ಹನ್ನೊಂದು ಸೆಕೆಂಡಿನ ಉತ್ತರ ಬಂತು: "ನಿದ್ದೆನಾ? ಬುದ್ಧಿವಂತ ಜನ ಬುಡು. ನಾವೇ ಜ್ವರ ಅಂತ ಹೆಸ್ರಿಕ್ಕಿ ಎದ್ರುಕಂಡು ಕುಂತಿರದು." ಕೊನೆಯ ಎರಡು ಸೆಕೆಂಡು ನಗು ಎಂದುಕೊಂಡಿದ್ದೆ. ಈಗ ಕೇಳಿದರೆ ಅದು ಕೆಮ್ಮು.

19ರಂದು ಒಂದು ಗಡ್ಡೆಯ ಹಾಲು ಕುಡಿದೆವು. ತಣ್ಣಗೆ, ಸಿಹಿಯಾಗಿ, ಉದ್ದನೆಯ ಬನ್ನು ಅದ್ದಿಕೊಂಡು. ಗಡ್ಡೆಯನ್ನು ಅಂಗಡಿಯವನು ತೋರಿಸಿದಾಗ ಬೆರಗಾಯಿತು. ನಮ್ಮ ಸೊಪ್ಪಿನ ತೋಟದಲ್ಲಿ ಬೆಳೆಯುವ ಕೊನ್ನಾರಿಯ ಅಣ್ಣನೋ ತಮ್ಮನೋ ಇದ್ದ ಹಾಗಿತ್ತು. ಆ ಕಳೆ ಕಿತ್ತೂ ಕಿತ್ತೂ ದೊಡ್ಡವ್ವನ ಉಗುರು ಸವೆದಿತ್ತು. ನೀನು ಕಿತ್ತು ಬಿಸಾಕೋದನ್ನ ಇಲ್ಲಿ ಹಾಲು ಹಿಂಡಿ ಕುಡೀತಾರೆ ಎಂದು ಕಳಿಸಿದೆ. ಇಂಥ ಮಾತಿಗೆ ಬೈಗುಳ ಬಂದೇ ಬರಬೇಕಿತ್ತು. ಬರಲಿಲ್ಲ. ಡೈರಿಯಲ್ಲಿ ಆ ಜಾಗ ಖಾಲಿ ಇದೆ.

20, ಶನಿವಾರ. ಅಲ್ಲಿಯ ಹೆಸರಾದ ಅನ್ನ ಪಯೆಯಾ. ಅಗಲವಾದ ಚಪ್ಪಟೆ ಬಾಣಲೆಯಲ್ಲಿ ಮೊಲದ ಮಾಂಸ, ಕೋಳಿ, ಹುರುಳಿಕಾಯಿ ಹಾಕಿ ಬೇಯಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೇ ಉಣ್ಣಬೇಕಂತೆ. ಕಡಲಿಗೆ ಎದುರಾಗಿ ಕೂತಿದ್ದೆವು. ತಳ ಹಿಡಿದು ಗರಿಗರಿಯಾದ ಅನ್ನಕ್ಕೆ ಅಲ್ಲಿ ಜಗಳವಾಡುತ್ತಾರೆ ಎಂದು ಗೆಳತಿ ಹೇಳುತ್ತಿದ್ದಳು. ನಮ್ಮ ಮನೆಯಲ್ಲೂ ಅದಕ್ಕೇ ಜಗಳ. ಆಗ, 1.35ಕ್ಕೆ, ಫೋನು ನೋಡಿದೆ. ದೊಡ್ಡವ್ವನ ದನಿ ಬಂದಿತ್ತು.

"ಇವತ್ಗೆ ನಾಕ್ನೇದು ಕಣವ್ವ ಜ್ವರ. ಸೊಪ್ಪಾಕಿಲ್ಲ. ನೀನು ಚೆಂದಾಗಿ ಉಣ್ಣು."

ಅಷ್ಟೇ. ಆರು ಸೆಕೆಂಡು.

ಡೈರಿ ತೆಗೆದೆ. "ಉಣ್ಣೇ ಮೊದ್ಲು, ಲೆಕ್ಕ ಎಲ್ಲೋಯ್ತದೆ?" ಎಂದು ಗೆಳತಿ ರೇಗಿದಳು. ನಾಲ್ಕನೇ ಜ್ವರ, ಸೊಪ್ಪು ನಿಲ್ಲಿಸಿದೆ ಎಂದು ಬರೆದೆ. ನನ್ನ ಲೆಕ್ಕಕ್ಕಿಂತ ಎರಡು ದಿನ ಮೊದಲು. ಅದೂ ಕಣ್ಣಿಗೆ ಬಿತ್ತು. ಹನ್ನೊಂದು ವರ್ಷದ ಪುಟಗಳಲ್ಲಿ ಎರಡು ದಿನ ಮೊದಲು ಕೂತ ಹುಳ ಒಂದೂ ಇಲ್ಲ, ಅದು ನನಗೆ ಬಾಯಿಪಾಠ. ಆದರೂ ಪಕ್ಕದಲ್ಲಿ ಬರೆದೆ: 'ಸೆಕೆಯಿಂದ ಇರಬಹುದು.' ಆಮೇಲೆ ಚೆಂದಾಗಿ ಉಂಡೆ. ಎರಡು ಸಲ ಹಾಕಿಸಿಕೊಂಡೆ. ತಳದ ಅನ್ನವನ್ನು ಚಮಚದಲ್ಲಿ ಕೆರೆದು ತಿಂದೆ.

ಲ್ಯಾಬಿಗೆ ಬರುವ ಪ್ರತಿಯೊಬ್ಬರನ್ನೂ ನಾನು ಕೇಳುವ ಮೊದಲ ಪ್ರಶ್ನೆ, ಜ್ವರ ಎಷ್ಟು ದಿನದಿಂದ ಎಂಬುದು. ನಮ್ಮ ಚೀಟಿಯಲ್ಲಿ ಅದಕ್ಕೊಂದು ಜಾಗವಿದೆ. ಹನೂರು, ಕಾಮಗೆರೆ, ಎಲ್ಲಿಂದ ಬಂದವರೂ ಹೇಳುವುದು ಒಂದೇ ರೀತಿ: ಇವತ್ಗೆ ಮೂರ್ನೇದು, ಇವತ್ಗೆ ನಾಕ್ನೇದು, ಎಂದರೆ ನಾಲ್ಕನೇ ದಿನ. ಕಿವಿಗೆ ದಿನವೂ ಬೀಳುವ ಮಾತು. ದೊಡ್ಡವ್ವನ ದನಿಯಲ್ಲಿ ಬಂದಾಗ ಅದು ಹುಳದ್ದಾಯಿತು. ಅವಳು ತನ್ನ ಮೈಯ ಬಗ್ಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ನಮ್ಮ ಮಾತೆಲ್ಲ ಹುಳದ್ದೇ.

ಪಕ್ಕದ ಮನೆಯ ಅತ್ತೆ 18ಕ್ಕೆ ಮಾರ್ಟಳ್ಳಿಯ ಮಗಳ ಮನೆಗೆ ಹೋಗಿದ್ದರು. ವಾಪಸು ಬಂದದ್ದು 21ರ ಮಧ್ಯಾಹ್ನ. ಫೋನು ಅವರದೇ.

"ನಿಮ್ಮವ್ವ ನೀರ್ ಕುಡ್ಯಕೂ ಆಗ್ದೆ ಮಲಗವ್ಳೆ ಕಣವ್ವ. ಆಟೋಲಿ ಆಕ್ಕಂಡು ಕೊಳ್ಳೇಗಾಲುಕ್ಕೆ ಬಂದ್ವಿ. ಐದ್ ದಿನದಿಂದ ಜ್ವರ ಅಂತೆ. ನಿನ್ಗೂ ಹೇಳಿದ್ಲಂತಲ್ಲ?"

ನಾನು ಹೂಂ ಎಂದೆ.

22ರ ವಿಮಾನ ಸಿಕ್ಕಿತು. 23ರ ಬೆಳಿಗ್ಗೆ 5.10ಕ್ಕೆ ಅವಳು ಹೋದಳು. ಆಗ ನಾನು ಇನ್ನೂ ಆಕಾಶದಲ್ಲಿದ್ದೆ. ಡೆಂಗಿ. ಅವಳ ರಕ್ತ ಪರೀಕ್ಷೆಯಾಗಿದ್ದು ನನ್ನ ಲ್ಯಾಬಿನಲ್ಲೇ. ಚೀಟಿಯ ಆ ಜಾಗದಲ್ಲಿ ನನ್ನ ಜೊತೆಯವನ ಅಕ್ಷರ: ಐದು ದಿನ. ನಾನು ಊರು ಮುಟ್ಟಿದ ಸಂಜೆಯೇ ಮಣ್ಣು ಮಾಡಿದೆವು.

24ರ ಮಧ್ಯಾಹ್ನ ಹುಳದ ಮನೆಯ ಬಾಗಿಲು ತೆಗೆದೆ. ಒಂಬತ್ತು ತಟ್ಟೆಯ ಹುಳ ಸತ್ತಿತ್ತು. ಮಿಕ್ಕವು ತಲೆ ಎತ್ತಿಕೊಂಡು, ಅಲುಗಾಡದೆ ಕೂತಿದ್ದವು. ಹಿಂದಿನಿಂದ ಬಂದ ಅತ್ತೆ ಮೆಲ್ಲಗೆ ಹೇಳಿದರು, "ನಾನ್ ಬಂದು ಆಕಗಂಟ ಸೊಪ್ಪಿಲ್ದೆ ಇದ್ವಲ್ಲ, ಅದ್ಕೆ ತಡ ಆಗದೆ. ಈಗ ಕುಂತವೆ ನೋಡು." ನಿಜವಾದ ನಾಲ್ಕನೇ ಜ್ವರ. ಎರಡು ದಿನ ತಡ. ನಾನು ಸೊಪ್ಪು ಹಾಕಲಿಲ್ಲ. ಎಲ್ಲವೂ ಏಳುವವರೆಗೆ ಅಲ್ಲೇ ನೆಲದ ಮೇಲೆ ಕೂತಿದ್ದೆ.

20ರ ಸಾಲನ್ನು ತಿದ್ದಿಲ್ಲ. ಸೆಕೆಯಿಂದ ಇರಬಹುದು ಎಂಬುದನ್ನೂ ಹೊಡೆದು ಹಾಕಿಲ್ಲ. ಆ ಆರು ಸೆಕೆಂಡನ್ನು ಇವತ್ತಿನವರೆಗೆ ಅರವತ್ತಮೂರು ಸಲ ಕೇಳಿದ್ದೇನೆ. ಗೊತ್ತಿದ್ದೂ, ಪ್ರತಿ ಸಲವೂ ಮೊದಲು ಹುಳವೇ ನೆನಪಿಗೆ ಬರುತ್ತದೆ. ನಮ್ಮಲ್ಲೂ ಅದಕ್ಕೆ ನಿದ್ದೆ ಎಂದೇ ಹೆಸರಿದ್ದಿದ್ದರೆ ನಾನು ಊಟ ಬಿಟ್ಟು ಏಳುತ್ತಿದ್ದೆ.

ಅವಳು ಕೇಳಿದ್ದು ಒಂದೇ ಮಾತು. ಅದನ್ನೂ ನಾನು ಸರಿಯಾಗಿ ತಂದೆನೋ ಇಲ್ಲವೋ ತಿಳಿಯದು. ಆ ಹೆಂಗಸು ಕೆನ್ನೆಗೆ ಕೈಯಿಟ್ಟು ತೋರಿಸಿದ್ದು ಹುಳದ ಹೆಸರನ್ನೋ, ತನ್ನ ಮಧ್ಯಾಹ್ನದ ನಿದ್ದೆಯನ್ನೋ? ವಲೆನ್ಸಿಯಾ ಕಡೆ ಹುಳ ಸಾಕಿದವರನ್ನು ಕಂಡವರಿದ್ದರೆ, ಆ ಭಾಷೆ ಬಲ್ಲವರಿದ್ದರೆ, ಅವರು ಅದನ್ನು ಏನೆಂದು ಕರೆಯುತ್ತಿದ್ದರು ಎಂದು ಈ ಬರಹ ಬಂದ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನಮ್ಮಲ್ಲೇ ಯಾವುದಾದರೂ ಊರಿನಲ್ಲಿ ಹುಳದ ಜ್ವರಕ್ಕೂ ಮನುಷ್ಯರ ಜ್ವರಕ್ಕೂ ಬೇರೆ ಬೇರೆ ಮಾತಿದ್ದರೆ, ಅದನ್ನೂ ದಯವಿಟ್ಟು ತಿಳಿಸಿ.