ಉಣ್ಣೆ ಹುಡುಕುವ ಹೊತ್ತು

ಹರಳುಬೀಜಕ್ಕೆ ಕಾಲಿರುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ನನಗಂತೂ ಗೊತ್ತಿರಲೇಬೇಕು. ಆದರೂ ಆ ಬೆಳಿಗ್ಗೆ ದೇವರ ಪಟದ ಕೆಳಗೆ ಬಿದ್ದಿದ್ದ ಬೂದುಬಣ್ಣದ, ನುಣುಪಾದ ಕಾಳೊಂದನ್ನು ಹರಳುಬೀಜವೆಂದೇ ಎತ್ತಿ ಅಂಗೈ ಮೇಲಿಟ್ಟುಕೊಂಡೆ. ಅದು ನಿಧಾನವಾಗಿ ಕಾಲು ಚಾಚಿ ನನ್ನ ಬಳೆಗಳ ಕಡೆಗೆ ಹೊರಟಿತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವೇ ಬಂತೆಂದು ದೊಣ್ಣೆ ಹಿಡಿದು ಓಡಿಬಂದರು.

ರಕ್ತ ಕುಡಿದು ಊದಿಕೊಂಡ ಉಣ್ಣೆಹುಳ ಅದು. ನನ್ನಂತೆ ಮೋಸಹೋದವರು ಹಿಂದೆಯೂ ಇದ್ದಿರಬೇಕು. ಹರಳು ಗಿಡದ ಲ್ಯಾಟಿನ್ ಹೆಸರಿಗೆ ಉಣ್ಣೆಹುಳವೆಂದೇ ಅರ್ಥ. ನಮ್ಮ ಕನ್ನಡದ ಉದಾರತೆ ಇನ್ನೂ ದೊಡ್ಡದು. ಕುರಿಯನ್ನು ಬೆಚ್ಚಗಿಡುವುದೂ ಉಣ್ಣೆ, ಅದರ ರಕ್ತ ಹೀರುವುದೂ ಉಣ್ಣೆ. ಇಷ್ಟೆಲ್ಲ ಪಾಂಡಿತ್ಯವಿದ್ದೂ ನಾನು ಮಾಡಿದ್ದು ಕೂಗಾಟವೊಂದೇ.

ಆಗ ನಾವು ಹಿಂದೂಪುರದ ಹಳೆಯ ಕಲ್ಲುಮನೆಯೊಂದರಲ್ಲಿ ಬಾಡಿಗೆಗಿದ್ದೆವು. ನಾನೂ ನಮ್ಮವರೂ ಕೆಲಸಕ್ಕೆ ಹೋಗುವವರು. ಮಗಳು ಚಿನ್ನು ಒಂದನೇ ಕ್ಲಾಸು. ಅವಳು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇರಲೆಂದು ಕಲ್ಯಾಣದುರ್ಗದಿಂದ ನಮ್ಮತ್ತೆಯನ್ನು ಕರೆಸಿಕೊಂಡೆವು. ಇಲ್ಲಿನ ಮಾರುಕಟ್ಟೆಗೆ ಹುಣಸೆಹಣ್ಣು ತರುತ್ತಿದ್ದ ನೆಂಟರ ಟೆಂಪೋದಲ್ಲಿ ಅವರು ಬಂದಿಳಿದರು. ಅವರ ಹಿಂದೆ ಕರಿಯ ಇಳಿದ. ಕರಿಯ ಅವರ ನಾಯಿ. ಓಣಿಯ ತೆಲುಗರು ಎರಡೇ ದಿನಕ್ಕೆ ಅವನ ಹೆಸರನ್ನು 'ನಲ್ಲೋಡು' ಎಂದು ಅನುವಾದ ಮಾಡಿಕೊಂಡರು.

ಕರಿಯನ ಜೊತೆ ಬಂದ ಸಂಸಾರ ನಮ್ಮ ಮನೆಯಲ್ಲಿ ಬಲು ಬೇಗ ಬೆಳೆಯಿತು. ಗೋಡೆಯ ಮೇಲೆ ಉಣ್ಣೆ, ಪರದೆಯ ಮಡಿಕೆಯಲ್ಲಿ ಉಣ್ಣೆ. ನಾನು ಫಿನಾಯಿಲ್ ಹಾಕಿ ಒರೆಸಿದೆ. ಬೇವಿನಸೊಪ್ಪಿನ ಹೊಗೆ ಹಾಕಿದೆ. ಉಣ್ಣೆಗಳು ಒಳಗೇ ಉಳಿದವು, ನಾವು ಕೆಮ್ಮುತ್ತಾ ಹೊರಗೆ ಬಂದೆವು. ನಮ್ಮವರು ಅಂಗಡಿಯಿಂದ ದನಕ್ಕೆ ಹಾಕುವ ಔಷಧಿ ತಂದಾಗ ಅತ್ತೆ ಬಾಟಲಿಯನ್ನೇ ಕಸಿದುಕೊಂಡರು.

"ನಾಯಿ ಮೈ ನೆಕ್ಕೊಂತದೆ ಕಣಪ್ಪ. ಇದು ಹೊಟ್ಟೆಗೋದ್ರೆ ಸತ್ತೇ ಹೋಯ್ತದೆ."

ಹೀಗೇ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಚಿನ್ನುವಿಗೆ ಜಡೆ ಹಾಕುತ್ತಿದ್ದೆ. ಕಿವಿಯ ಹಿಂದೆ ಮಚ್ಚೆಯಂಥದೊಂದು ಕಂಡಿತು. ಹಿಂದಿನ ದಿನ ಅಲ್ಲಿ ಮಚ್ಚೆ ಇರಲಿಲ್ಲ. ಅತ್ತೆ ಸೀಮೆಎಣ್ಣೆ ತರಲು ಓಡಿದರು, ನಾನು ಚಿಮಟ ತರಲು ಓಡಿದೆ. ನಾನೇ ಮೊದಲು ಬಂದೆ. ಚರ್ಮದ ಹತ್ತಿರ ಹಿಡಿದು, ತಿರುಚದೆ, ನೆಟ್ಟಗೆ ಎಳೆದೆ. ಹುಳ ಇಡಿಯಾಗಿ ಬಂತು. ಸೋಪು ಹಚ್ಚಿ ತೊಳೆದೆ. ಮಗು ಅಳಲಿಲ್ಲ, ಅತ್ತಿದ್ದು ನಾನು. ಆ ಅಳುವಿನಲ್ಲೇ ಹೇಳಿಬಿಟ್ಟೆ: "ಅತ್ತೆ, ಇನ್ನು ಕರಿಯ ಈ ಮನೇಲಿ ಬೇಡ."

ಅವರು ಸೀಮೆಎಣ್ಣೆ ಬಟ್ಟಲು ಕೆಳಗಿಟ್ಟರು. "ಸರಿ ಕಣಮ್ಮ. ಅವ್ನು ಬ್ಯಾಡಾಂದ್ರೆ ನಾನೂ ಹೋಯ್ತೀನಿ."

ಸಿಟ್ಟಿನ ಮಾತೆಂದುಕೊಂಡು ಕಾಲೇಜಿಗೆ ಹೋದೆ. ಅಲ್ಲಿ ಮನಸ್ಸು ನಿಲ್ಲದೆ ಮಧ್ಯಾಹ್ನವೇ ಮನೆಗೆ ಬಂದರೆ ಬೀಗ. ಪಕ್ಕದ ಮನೆಯಾಕೆ ಬೀಗದಕೈ ಕೊಡುತ್ತಾ, "ಅತ್ತಮ್ಮ ಬಸ್‌ಸ್ಟ್ಯಾಂಡಿಗೆ ಹೋದ್ರು, ನಲ್ಲೋಡನ್ನೂ ಕರ್ಕೊಂಡು" ಎಂದಳು.

ಚಿನ್ನು ಬಂದರೆ ನೋಡಿಕೊಳ್ಳಿ ಎಂದು ಆಕೆಗೆ ಹೇಳಿ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಸಿಮೆಂಟಿನ ಕಟ್ಟೆಯ ಮೇಲೆ ಕೂತಿದ್ದರು. ಕಾಲಬಳಿ ಕರಿಯ ಮಲಗಿದ್ದ. ಎದುರಿಗೆ ಕಂಡಕ್ಟರೊಬ್ಬ, "ಕುಕ್ಕನಿ ಎಕ್ಕಿಂಚೇದಿ ಲೇದಮ್ಮಾ" ಎಂದ. ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲವೆಂದು ಕೈಯಾಡಿಸಿ ಸೀಟಿ ಊದಿದ. ಬಸ್ಸು ಹೊರಟುಹೋಯಿತು.

"ಬಂದ ಬಸ್ನೆಲ್ಲಾ ಕೇಳ್ದೆ. ಯಾವೋನೂ ಹತ್ತುಸ್ಕೊಳ್ಳಲ್ಲ" ಎಂದರು ಅತ್ತೆ, ನನ್ನ ಮುಖ ನೋಡದೆ.

"ಮನೆಗೆ ಹೋಗೋಣ ಏಳಿ ಅತ್ತೆ."

ಅವರು ಎದ್ದರು. ಕರಿಯ ಏಳಲಿಲ್ಲ. ಏಳಲು ನೋಡಿ, ಹಿಂಗಾಲು ನಡುಗಿ, ಮತ್ತೆ ಕುಸಿದ. ಅತ್ತೆ ಅಲ್ಲೇ ಕುಕ್ಕರಿಸಿ ಅವನ ತುಟಿ ಎತ್ತಿ ತೋರಿಸಿದರು. ವಸಡು ಸುಣ್ಣದ ಹಾಗೆ ಬಿಳಿ.

"ಮೊನ್ನೆಯಿಂದ ಮುದ್ದೆ ಮುಟ್ಟಿಲ್ಲ ಕಣಮ್ಮ. ಹೇಳಿದ್ರೆ ಬೈತೀಯೇನೋ ಅಂತ ಸುಮ್ಕಿದ್ದೆ."

ಆ ಮಾತು ನನಗೆ ತಾಗಿತು. ಮನೆಯೊಳಗಿನ ಜೀವವೊಂದು ಕಾಯಿಲೆ ಬಿದ್ದರೆ ಹೇಳಲು ಹೆದರುವಷ್ಟು ಗಟ್ಟಿಯಾಗಿ ನಾನು ಯಾವಾಗ ಮಾತಾಡಿದ್ದೆ? ಯೋಚಿಸಲು ಸಮಯವಿರಲಿಲ್ಲ. ಆಟೋ ಕರೆದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲೇಜಿನ ಸೀರೆಯ ಮೇಲೆ ಕರಿಯನ ತಲೆ, ಅತ್ತೆಯ ಮಡಿಲಲ್ಲಿ ಅವನ ಕಾಲು. ಹೀಗೆ ದನದ ಆಸ್ಪತ್ರೆ ಸೇರಿದೆವು.

ಡಾಕ್ಟರು ಕಣ್ಣರೆಪ್ಪೆ ಬಿಡಿಸಿ ನೋಡಿದರು, ರಕ್ತ ತೆಗೆದರು. "ಗೋಮಾರ್ಲ ಜ್ವರಂ" ಎಂದರು. ಉಣ್ಣೆ ಕಚ್ಚಿ ಬರುವ ಜ್ವರ. ಸೂಜಿ ಚುಚ್ಚಿ, ಮಾತ್ರೆ ಬರೆದು, ಈ ವಾರ ದಾಟಿದರೆ ಬದುಕುತ್ತಾನೆ ಎಂದರು. ಮಗುವಿನ ವಿಷಯ ಕೇಳಿದೆ. ಜ್ವರವೋ ಗಂಧೆಯೋ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ ಎಂದರು. ಆಮೇಲೆ ನಕ್ಕು, "ಕುಕ್ಕ ಮೀದ ಉನ್ನವಿ ಕೊನ್ನೇ ಅಮ್ಮಾ. ಮಿಗತಾವನ್ನೀ ಮೀ ಗೋಡಲ್ಲೋ ಉನ್ನಾಯಿ" ಎಂದರು. ನಾಯಿಯ ಮೇಲಿರುವುದು ಕೆಲವೇ. ಉಳಿದವೆಲ್ಲ ನಿಮ್ಮ ಗೋಡೆಯಲ್ಲಿವೆ. ಕುಡಿದು ತೃಪ್ತಿಯಾದ ಉಣ್ಣೆ ಕೆಳಗೆ ಬಿದ್ದು, ಸಂದಿಯಲ್ಲಿ ಸೇರಿ, ರಾಶಿ ಮೊಟ್ಟೆ ಇಡುತ್ತದಂತೆ. ನಾಯಿಗೊಂದು ಮದ್ದು, ಮನೆಗೊಂದು ಮದ್ದು, ಎರಡೂ ಆಗಬೇಕು.

ಆ ಭಾನುವಾರ ನಮ್ಮ ಮನೆಯನ್ನು ನೋಡಬೇಕಿತ್ತು. ಕಲ್ಲುಗಳ ನಡುವಿನ ಬಿರುಕಿಗೆಲ್ಲ ನಮ್ಮವರು ಸಿಮೆಂಟು ಮೆತ್ತಿದರು. ಗೋಡೆಗಿಂತ ಹೆಚ್ಚು ಅವರ ಅಂಗಿಗೇ ಮೆತ್ತಿತು. ನಾನು ಚಾಪೆ, ಹೊದಿಕೆಗಳನ್ನು ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಹರವಿದೆ. ಅತ್ತೆ ಹಿತ್ತಲ ಹುಲ್ಲು ಕೊಯ್ದರು. ಚಿನ್ನು, ಎಲ್ಲೆಲ್ಲಿ ಬಿರುಕು ಉಳಿದಿದೆಯೆಂದು ಬಳಪದಲ್ಲಿ ಗುರುತು ಹಾಕುತ್ತಾ ಮೇಸ್ತ್ರಿಗಿರಿ ಮಾಡಿದಳು. ಮನೆ ಓನರು ಬಂದು ನೋಡಿ, ಇಷ್ಟು ಒಳ್ಳೆಯ ಬಾಡಿಗೆದಾರರು ತಮಗೆ ಈವರೆಗೆ ಸಿಕ್ಕಿರಲಿಲ್ಲ ಎಂದರು.

ಕಷ್ಟವಾಗಿದ್ದು ಮಾತ್ರೆ ನುಂಗಿಸುವುದು. ಅತ್ತೆ ಮುದ್ದೆಯೊಳಗಿಟ್ಟು ಕೊಟ್ಟರೆ ಕರಿಯ ಮುದ್ದೆಯನ್ನೂ ಮಾತ್ರೆಯನ್ನೂ ಬಿಟ್ಟು ಗೋಡೆಗೆ ಮುಖ ತಿರುಗಿಸುತ್ತಿದ್ದ. ಅವನು ಉಣ್ಣದಿದ್ದರೆ ಅತ್ತೆಯೂ ಉಣ್ಣುತ್ತಿರಲಿಲ್ಲ. ಕೊನೆಗೆ ನಾನೇ ತುಪ್ಪದಲ್ಲಿ ಅದ್ದಿದ ಚಿಕ್ಕ ತುತ್ತು ಹಿಡಿದು ಅವನೆದುರು ನೆಲದ ಮೇಲೆ ಕೂತೆ. "ತಿನ್ನೋ ಮಾರಾಯ, ನಿಮ್ಮಜ್ಜಿ ಉಪವಾಸ ಇದಾರೆ" ಎಂದೆ. ಅವನು ನನ್ನನ್ನೇ ಬಹಳ ಹೊತ್ತು ನೋಡಿದ. ಆಮೇಲೆ ತಿಂದ. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಅಡುಗೆಮನೆಗೆ ಹೋದರು. ಆ ವಾರದ ಕೊನೆಗೆ ಕರಿಯ ಎದ್ದು ನಿಂತು ಹಾಲಿನವನ ಮೇಲೆ ಬೊಗಳಿದ. ಮನೆಮಂದಿಗೆಲ್ಲ ಸಂತೋಷವಾಯಿತು, ಹಾಲಿನವನನ್ನು ಬಿಟ್ಟು. ಚಿನ್ನುವಿಗೂ ಏನೂ ಆಗಲಿಲ್ಲ, ಅವಳ ಹಣೆ ಮುಟ್ಟಿ ಮುಟ್ಟಿ ನನ್ನ ಕೈಗೆ ಅಭ್ಯಾಸವಾಯಿತು ಅಷ್ಟೆ.

ಅಲ್ಲಿಂದಾಚೆ ಸಂಜೆ ಹಿತ್ತಲ ಮೆಟ್ಟಿಲ ಮೇಲೆ ನಾವೆಲ್ಲ ಕರಿಯನನ್ನು ಸುತ್ತುಗಟ್ಟಿ ಕೂರುವುದು ವಾಡಿಕೆಯಾಯಿತು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಹುಡುಕುವುದು. ಸಿಕ್ಕಿದ್ದನ್ನು ಕೈಯಲ್ಲಿ ಹಿಸುಕದೆ ಸೋಪಿನ ನೀರಿಗೆ ಹಾಕುವುದು. ಕೈಗೆ ಕೆಲಸವಿದ್ದರೆ ಬಾಯಿ ಸಲೀಸಾಗುತ್ತದೆ. ಕಲ್ಯಾಣದುರ್ಗದ ಸುದ್ದಿ, ತಾವು ಮದುವೆಯಾಗಿ ಬಂದ ಹೊಸದರಲ್ಲಿ ತಮ್ಮತ್ತೆಗೆ ಹೆದರಿ ಹೊಟ್ಟೆನೋವು ಮುಚ್ಚಿಟ್ಟುಕೊಂಡ ಕತೆ, ಎಲ್ಲವನ್ನೂ ಅತ್ತೆ ಆ ಮೆಟ್ಟಿಲ ಮೇಲೆಯೇ ಹೇಳಿದರು. ಎದುರುಬದುರು ಕೂತಾಗ ಅವರೂ ನಾನೂ ಇಷ್ಟು ಮಾತಾಡಿದ್ದೇ ಇಲ್ಲ.

ದಿನ ಕಳೆದಂತೆ ಉಣ್ಣೆ ಸಿಗುವುದು ಕಡಿಮೆಯಾಗಿ, ಕೊನೆಗೆ ನಿಂತೇಹೋಯಿತು. ನಾವು ಕೂರುವುದು ನಿಲ್ಲಲಿಲ್ಲ. ಒಂದು ಸಂಜೆ ಕರಿಯನ ಮೈಯೆಲ್ಲ ತಡಕಿ ಮುಗಿಸಿದ ಅತ್ತೆ, ಕೈ ತೊಳೆದು ಬಂದು, ಕೆಳಗಿನ ಮೆಟ್ಟಿಲಲ್ಲಿದ್ದ ನನ್ನ ತಲೆಯನ್ನು ಮೊಣಕಾಲಿಗೆ ಒರಗಿಸಿಕೊಂಡರು.

"ನಿಂದೂ ಒಂದ್ಕಿತ ನೋಡ್ತೀನಿ, ಬಗ್ಗು."

ಕೂದಲು ಬಿಡಿಸಿ ಬಿಡಿಸಿ, ಕಿವಿಯ ಹಿಂದೆ ಬೆರಳಾಡಿಸಿ ನೋಡಿದರು.

"ಏನೈತೆ ಅತ್ತೆ?" ಎಂದೆ, ಅವರದೇ ಮಾತಿನಲ್ಲಿ.

"ಏನೂ ಇಲ್ಲ ಕಣಮ್ಮ" ಎಂದರು.

ಬೆರಳುಗಳು ಮಾತ್ರ ಹುಡುಕುತ್ತಲೇ ಇದ್ದವು. ನಾನೂ ತಲೆ ಎತ್ತಲಿಲ್ಲ.