ಸರ್ವರ್ ಕೊರಳಿಗೆ ಚೆಂಡುಹೂವಿನ ಹಾರ

ಹೋದ ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ, ಎಂಟು ಮಂದಿಯ ಎದುರು, ಕಂಪ್ಯೂಟರ್ ಸ್ಕ್ರೀನಿನ ಮೇಲಿದ್ದ ಇಂಗ್ಲಿಷನ್ನು ನಾನು ಗಟ್ಟಿಯಾಗಿ ಓದಿದೆ. ಭಾಳ ಚಂದ ಓದಿದ್ರಿ ಮೇಡಂ ಅಂದರು ಎಲ್ಲರೂ. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಆ ಓದಿನಲ್ಲಿ ಈರಪ್ಪನ ಮೂರು ವರ್ಷ ಅಳಿಸಿಹೋಯಿತು.

ಬಿಡಿಸಿ ಹೇಳುತ್ತೇನೆ. ಹೇಳದೆ ಇದ್ದರೆ ಈ ವಾರ ಬೇರೆ ಏನನ್ನೂ ಬರೆಯಲಾರೆ.

ನಾನು ವಾರಕ್ಕೆರಡು ದಿನ ಹೊಸಪೇಟೆಯ ಒಂದು ಧರ್ಮದ ದವಾಖಾನೆಯಲ್ಲಿ ಕೂರುತ್ತೇನೆ ಎಂದು ನಿಮಗೆ ಮೊದಲೇ ಹೇಳಿದ್ದೆ. (ಇಂಗ್ಲಿಷ್ ಟೀಚರ್ ಆಗಿ ರಿಟೈರ್ ಆದವರನ್ನು ಊರು ಸುಮ್ಮನೆ ಕೂರಲು ಬಿಡುವುದಿಲ್ಲ.) ನನ್ನದು ಟೈಪಿಂಗ್ ಕೆಲಸ. ಡಾಕ್ಟರು ಚೀಟಿಯಲ್ಲಿ ಗೀಚಿದ್ದನ್ನು ಕಂಪ್ಯೂಟರಿಗೆ ಹಾಕುವುದು. ಬರುವವರಲ್ಲಿ ಅರ್ಧಕ್ಕರ್ಧ ಕೆಮ್ಮಿನವರು. ಸಂಡೂರು ಕಡೆಯಿಂದ, ಕುರೆಕುಪ್ಪದಿಂದ. ಅವರಿಗೆ ಮೂರು ತಿಂಗಳಿಗೊಮ್ಮೆ ಒಂದು ಊದುವ ಪರೀಕ್ಷೆ. ಕೊಳವೆಗೆ ಬಾಯಿಟ್ಟು ಜೋರಾಗಿ ಊದಿದರೆ ಮುಳ್ಳು ಮೇಲೇರುತ್ತದೆ. ಎಲ್ಲಿಗೆ ಏರಿತೋ ಅದು ಆ ಮನುಷ್ಯನ ಉಸಿರಿನ ಲೆಕ್ಕ.

ಈರಪ್ಪನ ಮುಳ್ಳು ಪ್ರತಿ ಸಲ ಒಂದಿಷ್ಟು ಕೆಳಗೆ ನಿಲ್ಲುತ್ತಿತ್ತು.

ಅವನು ಸಂಡೂರು ಕಡೆಯ ಒಂದು ಗಣಿಯ ಕ್ರಷರಿನಲ್ಲಿ ಕೆಲಸದವನು. ವಯಸ್ಸು ನಲವತ್ತರ ಆಸುಪಾಸು. ಅದಿರು ಒಡೆಯುವ ಜಾಗದಲ್ಲಿ ನಿಂತು ನಿಂತು ರೆಪ್ಪೆ ಕೂಡ ಕೆಂಪಾಗಿದೆ. ಅವನು ಕೇಳುತ್ತಿದ್ದದ್ದು ಇಷ್ಟೇ: ನನ್ನನ್ನು ಕ್ರಷರಿನಿಂದ ತೆಗೆದು ಗೇಟಿಗೆ ಹಾಕಿರಿ. ಅವರ ಕಂಪನಿ ಡಾಕ್ಟರು ಇದು ಬೀಡಿ ಕೆಮ್ಮು ಅನ್ನುತ್ತಿದ್ದರು. ಕೊನೆಗೆ, ಈ ಸೋಮವಾರ ಕಂಪನಿಯ ಕಮಿಟಿ ಕೂತು ನೋಡುತ್ತದೆ, ಮೂರು ವರ್ಷದ ಉಸಿರಿನ ಪರೀಕ್ಷೆಯ ರೆಕಾರ್ಡ್ ತಾ ಅಂದರು. ನಮ್ಮಲ್ಲಿ ಮೂರು ವರ್ಷದ್ದೂ ಇತ್ತು. ನಾನೇ ಟೈಪ್ ಮಾಡಿದ್ದು. ಪ್ರಿಂಟ್ ತೆಗೆದು ಡಾಕ್ಟರ ಸಹಿ ಹಾಕಿಸಿದರೆ ಮುಗಿಯಿತು.

ಅಷ್ಟರಲ್ಲಿ ನಮ್ಮ ಕಂಪ್ಯೂಟರ್ ಸತ್ತಿತು.

ಅದನ್ನು ಬಿಚ್ಚಿದವಳು ಶೈಲಜಾ. ಕಂಪ್ಲಿಯ ರೈಸ್ ಮಿಲ್ಲಿನ ಮನೆಯ ಹೆಣ್ಣುಮಗಳು, ನಮ್ಮೂರಿನಲ್ಲಿ ಕಂಪ್ಯೂಟರ್ ಸೆಂಟರ್ ತೆರೆದು ಹತ್ತು ವರ್ಷವಾಯಿತು. ಒಳಗೆ ಕೆಂಪು ಧೂಳು ಬೆರಳುದಪ್ಪ ಕೂತಿತ್ತು. "ಮೇಡಂ, ಇದಕ್ಕೂ ನಿಮ್ಮ ಪೇಶಂಟ್‌ಗಳ ರೋಗನ ಬಡದೈತಿ ನೋಡ್ರಿ" ಅಂದಳು. ನಕ್ಕೆವು. ನಮ್ಮ ಊರಿನಲ್ಲಿ ಈಗ ಬಿಳಿ ಸೀರೆ ಒಣಹಾಕಿದರೆ ಸಂಜೆಗೆ ಗುಲಾಬಿ. ನಗದೆ ಏನು ಮಾಡುವುದು?

ಪುಣ್ಯಕ್ಕೆ ಅದರ ಹಾರ್ಡ್ ಡಿಸ್ಕ್ ಬದುಕಿತ್ತು. ಅಂಗೈಯಗಲದ ತಗಡಿನ ಡಬ್ಬಿ. ಎಲ್ಲ ಪೇಶಂಟ್‌ಗಳ ರೆಕಾರ್ಡು ಅದರಲ್ಲೇ, ಅದೊಂದರಲ್ಲೇ. (ಕಾಗದದ ರಿಜಿಸ್ಟರ್ ಇರಲಿಲ್ಲವೇ ಎಂದು ಕೇಳುತ್ತೀರಿ. ಕಂಪ್ಯೂಟರ್ ಬಂದ ಮೇಲೆ ರಿಜಿಸ್ಟರ್ ಯಾಕೆ ಬರೀಬೇಕು, ಡಬಲ್ ಕೆಲಸ, ಎಂದು ಮೀಟಿಂಗಿನಲ್ಲಿ ಹೇಳಿದ ಜಾಣೆ ನಾನೇ.)

ಅದೇ ಹೊತ್ತಿಗೆ ಗಣಿ ಮಾಲೀಕರೊಬ್ಬರು ತಮ್ಮ ಆಫೀಸಿನ ಹಳೆಯ ಸರ್ವರನ್ನು ದವಾಖಾನೆಗೆ ದಾನ ಕೊಟ್ಟರು. ದೊಡ್ಡ ಆಫೀಸುಗಳಲ್ಲಿ ಹಗಲೂರಾತ್ರಿ ಓಡುವ ಜಾತಿಯ ಯಂತ್ರ ಅದು. ಗೋದ್ರೆಜ್ಜು ಬೀರುವಿನ ಒಂದು ಖಾನೆಯಷ್ಟು ಗಾತ್ರ, ಎತ್ತಲು ನಾಲ್ಕು ಜನ. ಶುರು ಮಾಡಿದರೆ ಬಸ್ ಸ್ಟ್ಯಾಂಡಿನಲ್ಲಿ ಎಕ್ಸ್‌ಪ್ರೆಸ್ ಹೊರಟ ಹಾಗೆ ಸದ್ದು. ಆದರೆ ಒಳಗೆ ಅದನ್ನು ನಡೆಸುವ ಪ್ರೋಗ್ರಾಮ್ ಕೂಡ ಇಲ್ಲ, ಖಾಲಿ. "ಲಿನಕ್ಸ್ ಹಾಕ್ತೀನ್ರಿ ಮೇಡಂ. ಫ್ರೀ ಸಿಗ್ತತಿ, ವೈರಸ್ ಕಾಟ ಇಲ್ಲ, ವರ್ಷಗಟ್ಟಲೆ ನಿಲ್ಲಂಗಿಲ್ಲ" ಅಂದಳು ಶೈಲಜಾ. ಐದು ಸಿ.ಡಿ. ತಂದಿಟ್ಟಳು. ಗುರುವಾರ ಸಂಜೆ ಆ ಹಳೆಯ ಡಿಸ್ಕನ್ನು ಒಂದು ಸಣ್ಣ ವೈರಿನಿಂದ ಸರ್ವರಿಗೆ ಸಿಕ್ಕಿಸಿ, ಸರ್ವರಿಗೆ ಅದು ಕಾಣುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದಳು. ಕಂಡಿತು. ಹಾಗೇ ಬಿಟ್ಟಳು. "ನಾಳೆ ಇನ್‌ಸ್ಟಾಲ್ ಮಾಡೋ ಮುಂದ ತೆಗದ್ರಾತು. ಲಿನಕ್ಸ್ ಕುಂತ ಮ್ಯಾಲ ಮತ್ತ ಹಚ್ಚಿ ಕಾಪಿ ಮಾಡೋಣು" ಅಂದು ಕಂಪ್ಲಿಗೆ ಹೋದಳು.

ಶುಕ್ರವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು.

ನಮ್ಮಲ್ಲಿ ಮೋಟರು ಬಂದರೂ ಪೂಜೆ, ಮಿಕ್ಸಿ ಬಂದರೂ ಪೂಜೆ. ಸರ್ವರಿಗೆ ಬೇಡವೇ? ನಮ್ಮ ಸೆಕ್ರೆಟರಿ ಚನ್ನಬಸಪ್ಪನವರು, ಜೋಳದ ವ್ಯಾಪಾರಸ್ಥರು, ಅಯ್ಯನವರನ್ನು ಕರೆಸಿದ್ದರು. ಸರ್ವರಿನ ಹಣೆಗೆ ಮೂರು ಬೆರಳಿನ ವಿಭೂತಿ. ಕೊರಳಿಗೆ ಚೆಂಡುಹೂವಿನ ಹಾರ. ಪಕ್ಕದಲ್ಲಿದ್ದ ಪುಟ್ಟ ಡಿಸ್ಕನ್ನೂ ಬಿಟ್ಟಿರಲಿಲ್ಲ. ಅದಕ್ಕೂ ವಿಭೂತಿ ಹಚ್ಚಿ, ಎರಡನ್ನೂ ಸೇರಿಸಿ ಅರಿಶಿನದ ದಾರ ಸುತ್ತಿದ್ದರು. ತಾಯಿ ಮಗುವಿಗೆ ಕಟ್ಟಿದ ಹಾಗೆ.

"ಮೇಡಂ, ಹತ್ತೂವರಿಗೆ ರಾಹುಕಾಲ ಹತ್ತತೈತ್ರಿ" ಅಂದರು ಚನ್ನಬಸಪ್ಪನವರು. "ಅಷ್ಟರಾಗ ಚಾಲೂ ಆಗಬೇಕು. ಎಲ್ಲಿ ಶೈಲಜಾ?" (ಚನ್ನಬಸಪ್ಪನವರು ಬಾಯಿತುಂಬ ವಚನ ಹೇಳುತ್ತಾರೆ. ರಾಹುಕಾಲವನ್ನೂ ತಪ್ಪದೆ ನೋಡುತ್ತಾರೆ.)

ಶೈಲಜಾ ಎಲ್ಲಿ? ಬುಕ್ಕಸಾಗರದ ಹತ್ತಿರ. ಹೈವೇ ಜಾಮ್ ಆದರೆ ಅದಿರಿನ ಲಾರಿಗಳು ಈಗ ಕಂಪ್ಲಿ ರೋಡಿಗೂ ನುಗ್ಗುತ್ತವಲ್ಲ, ಅಂಥದ್ದೊಂದು ರಸ್ತೆಗೆ ಅಡ್ಡ ಮಲಗಿತ್ತು. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಕಾಲುವೆ. ಫೋನಿನಲ್ಲಿ ಹಾರ್ನುಗಳ ಮಧ್ಯೆ ಅವಳ ದನಿ. "ನಾ ಬರೂತನ ತಡೀರಿ ಮೇಡಂ."

"ತಡಿಯೋದೆಂಗ?" ಅಂದರು ಚನ್ನಬಸಪ್ಪನವರು. "ಇಂಗ್ಲಿಷಿನ್ಯಾಗ ಕೇಳ್ತತಿ ಅಷ್ಟ ಅಲ್ಲೇನು? ನಮ್ಮ ಮೇಡಂಗಿಂತ ಇಂಗ್ಲಿಷ್ ಬಲ್ಲೋರು ಈ ಊರಾಗ ಯಾರದಾರ?"

ಹೊಗಳಿಕೆ. ಈ ವಯಸ್ಸಿನಲ್ಲೂ ಅದು ಎಷ್ಟು ಸುಲಭವಾಗಿ ಕೆಲಸ ಮಾಡುತ್ತದೆ ನೋಡಿ.

ಅಯ್ಯನವರು ಸಿ.ಡಿ.ಗೆ ಕುಂಕುಮ ಹಚ್ಚಲು ಹೋದಾಗ ತಡೆದೆ. "ಈ ಲಿನಕ್ಸ್ ಯಾವ ದೇಶದ್ದವ್ವಾ?" ಅಂದರು. ಫಿನ್‌ಲ್ಯಾಂಡ್ ಕಡೆಯ ಹುಡುಗ ಶುರು ಮಾಡಿದ್ದಂತೆ ಅಂದೆ. "ಅಲ್ಲಿ ರಾಹುಕಾಲ ಎಷ್ಟೊತ್ತಿಗೆ ಬರ್ತತಿ?" ಅಂದರು.

ಶೈಲಜಾ ಫೋನಿನಲ್ಲಿ ಒಂದೊಂದೇ ಹೇಳಿದಳು. ಮೊದಲ ಸಿ.ಡಿ. ಹಾಕಿ. ಎಂಟರ್ ಒತ್ತಿ. ಆಮೇಲೆ ಕೇಳಿದಳು: "ಮೇಡಂ, ಆ ಹಳೇ ಡಿಸ್ಕ್ ತೆಗದ್ರಿಲ್ಲೋ?"

ಕೈ ಚಾಚಿದೆ. "ಏ ಏ, ಬ್ಯಾಡ್ರಿ" ಅಂದರು ಚನ್ನಬಸಪ್ಪನವರು. "ಪೂಜಿ ಆದ ಸಾಮಾನು ಹೊತ್ತು ಮುಳುಗೂತನ ಕದಲಿಸಬಾರದು. ದಾರ ಬ್ಯಾರೆ ಕಟ್ಟೈತಿ."

ನನ್ನ ಕೈ ಅಲ್ಲೇ ನಿಂತಿತು. ನಿಜ ಹೇಳಲೇ? ನಾನು ರಾಹುಕಾಲ ನಂಬುವವಳಲ್ಲ. ಆದರೆ ಗಂಡನನ್ನು ಕಳೆದುಕೊಂಡವಳು. ಎಂಟು ಮಂದಿ ನೋಡುತ್ತಿರುವಾಗ ಪೂಜೆಯ ಅರಿಶಿನದ ದಾರವನ್ನು ಈ ಕೈ ಬಿಚ್ಚುವುದು, ಅಯ್ಯನವರು ಮುಖ ತಿರುಗಿಸುವುದು, ಮುಂದೆ ಆ ಯಂತ್ರ ಎಂದಾದರೂ ಕೆಟ್ಟರೆ ಅವತ್ತು ಅವರು ಮುಟ್ಟಿದ್ದರಲ್ಲ ಅನ್ನುವುದು. ಸಾಕಾಗಿದೆ ನನಗೆ. (ಬಟನ್ ಒತ್ತಲು ಮಾತ್ರ ಯಾರ ತಕರಾರೂ ಇರಲಿಲ್ಲ. ಇಂಗ್ಲಿಷಿಗೆ ಮೈಲಿಗೆ ಇಲ್ಲವಲ್ಲ.)

"ಅದರ ಪಾಡಿಗೆ ಅದು ಪಕ್ಕದಲ್ಲಿದೆ ಶೈಲಾ" ಅಂದೆ ಫೋನಿಗೆ. ಇದು ಸುಳ್ಳಲ್ಲ. ನಿಜವೂ ಅಲ್ಲ. ಅವಳು ಏನೋ ಹೇಳತೊಡಗಿದಳು, ಲೈನ್ ಕಟ್ಟಾಯಿತು. ಮತ್ತೆ ಸಿಗಲಿಲ್ಲ.

ಗಡಿಯಾರದಲ್ಲಿ ಹತ್ತೂಕಾಲು.

ನಾನೇ ಎಂಟರ್ ಒತ್ತುತ್ತ ಮುಂದೆ ಹೋದೆ. ಸ್ಕ್ರೀನಿನ ಮೇಲೆ ದೊಡ್ಡ ವಾಕ್ಯವೊಂದು ಬಂತು. "ಓದ್ರಿ ಮೇಡಂ, ಎಲ್ಲಾರೂ ಕೇಳಲಿ" ಅಂದರು ಚನ್ನಬಸಪ್ಪನವರು. ನಾನು ಕನ್ನಡಕ ಸರಿಮಾಡಿಕೊಂಡೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ನಮಗೆ ಎಲೊಕ್ಯೂಷನ್ ಕಲಿಸಿದವರು ಸಿಸ್ಟರ್ ಬರ್ನಡೆಟ್. ಬೆನ್ನು ನೇರ, ಗದ್ದ ಮೇಲೆ, ಕೊನೆಯ ವ್ಯಂಜನ ನುಂಗಬಾರದು. ಎರಡು ವರ್ಷ ಕಪ್ ನನ್ನದೇ. ಆ ಕಪ್ಪಿನ ಹುಡುಗಿ ಎಲ್ಲಿದ್ದಳೋ, ಎದ್ದು ಬಂದಳು. ಎರಡು ಡಿಸ್ಕುಗಳ ಹೆಸರು ಓದಿದೆ. ಇವುಗಳ ಮೇಲಿರುವ ಎಲ್ಲ ಪಾರ್ಟಿಷನ್, ಎಲ್ಲ ಡೇಟಾ ತೆಗೆದುಹಾಕಲು ಹೇಳಿದ್ದೀರಿ ಎಂದಿತ್ತು, ಓದಿದೆ. ಕೊನೆಗೆ ಎಷ್ಟು ಸಭ್ಯವಾದ ಪ್ರಶ್ನೆ: ಆರ್ ಯು ಶೂರ್ ಯು ವಾಂಟ್ ಟು ಡು ದಿಸ್?

ಅದನ್ನೂ ಓದಿದೆ. ಏರಿಳಿತದ ಸಮೇತ. ಚಪ್ಪಾಳೆ ಬಿದ್ದದ್ದು ಆಗಲೇ.

ಎರಡು ಡಿಸ್ಕು ಎಂದು ನನ್ನ ಬಾಯಿ ಹೇಳಿತು. ನನ್ನ ಕಿವಿಗೆ ಬೀಳಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಓದಿಸಿದೆ: ರೀಡ್ ಇಟ್ ನೈಸ್ಲಿ. ಏನು ಬರೆದಿದೆ ಎಂದು ಎಷ್ಟು ಸಲ ಕೇಳಿದ್ದೆ?

ಯೆಸ್ ಒತ್ತಿದೆ.

ಆಮೇಲೆ ಎಲ್ಲ ಹಬ್ಬ. ಪ್ರಪಂಚದ ಭೂಪಟ ಬಂತು, ನಿಮ್ಮ ಊರು ತೋರಿಸಿ ಎಂದಿತು. ಇಡೀ ಭಾರತಕ್ಕೆ ಒಂದೇ ಊರು, ಕಲ್ಕತ್ತಾ. "ಹೊಸಪೇಟಿ ಬ್ಯಾಡ, ಬಳ್ಳಾರಿನೂ ಇಲ್ಲೇನ್ರಿ?" ಅಂದರು ಒಬ್ಬರು. ಪಾಸ್‌ವರ್ಡ್ ಕೇಳಿತು. ಅಯ್ಯನವರು ಒಂದು ಮಂತ್ರ ಸೂಚಿಸಿದರು, ಎಲ್ಲರೆದುರು, ಗಟ್ಟಿಯಾಗಿ. ಕಾಯಿ ಒಡೆದರು. ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಎರಡನೇ ಸಿ.ಡಿ. ಹಾಕಿ ಎಂದಿತು, ಹಾಕಿದೆ. ಮೂರನೆಯದು. ನಾನು ಪೇಡೆ ತಿಂದೆ.

ಒಂದು ಗಂಟೆಗೆ ಶೈಲಜಾ ಬಂದಳು. ಸೀರೆಯ ಅಂಚಿನ ತುಂಬ ಕೆಂಪು ಧೂಳು. ಸರ್ವರ್ ನೋಡಿದಳು, ದಾರ ನೋಡಿದಳು, ದಾರದ ಕೆಳಗಿನ ವೈರ್ ನೋಡಿದಳು. ಕುರ್ಚಿಯ ಮೇಲೆ ಕೂತಳು.

"ಯಾರು ಯೆಸ್ ಕೊಟ್ರು?" ಅಂದಳು.

"ನಾನು."

ಅವಳು ಬೈದಿದ್ದರೆ ಚೆನ್ನಾಗಿತ್ತು. ಸಂಜೆಯವರೆಗೆ ಕಾಯಲಿಲ್ಲ, ಎಲ್ಲರೆದುರೇ ದಾರ ಹರಿದು ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಯಾರೂ ತಡೆಯಲಿಲ್ಲ. ದಾರ ಅಷ್ಟು ಸುಲಭವಾಗಿ ಹರಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಶನಿವಾರ, ಭಾನುವಾರ ಏನೇನೋ ಮಾಡಿದಳು. ಡಿಸ್ಕಿನಿಂದ ಹೊರಬಂದದ್ದು ಚೂರು ಪಾರು: ಅರ್ಧ ಹೆಸರುಗಳು, ತಲೆಬುಡವಿಲ್ಲದ ಅಂಕಿಗಳು. ಯಾರ ಉಸಿರು ಯಾವುದೋ, ಗುರುತು ಹಿಡಿಯುವ ಹಾಗಿರಲಿಲ್ಲ.

ಶನಿವಾರವೇ ಈರಪ್ಪ, ಅವನ ಹೆಂಡತಿ ಗಂಗಮ್ಮ ಪ್ರಿಂಟಿಗೆ ಬಂದರು. ಹೇಳಿದೆ. ಲಿನಕ್ಸ್, ಪಾರ್ಟಿಷನ್ ಎಂದು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ನನ್ನ ಕೈಯಿಂದ ಅಳಿಸಿಹೋಯಿತು ಈರಪ್ಪ ಎಂದೆ.

ಅವನು ಕೆಮ್ಮಿ ಮುಗಿಸಿದ. "ಎಲ್ಲಾನೂ ಏನ್ರಿ ಅಮ್ಮಾರ?"

"ಎಲ್ಲಾನೂ."

ಗಂಗಮ್ಮ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ನಮ್ಮ ದವಾಖಾನೆಯ ಮೂರು ವರ್ಷದ ಔಷಧಿ ಚೀಟಿ, ಒಂದೂ ಬಿಡದೆ, ತಾರೀಖಿನ ಪ್ರಕಾರ. ಅವಳಿಗೆ ಓದು ಬರುವುದಿಲ್ಲ. ಹೊಸದನ್ನು ಕೆಳಗೆ ಇಡುತ್ತ ಬಂದಿದ್ದಳು, ಅಷ್ಟೇ. ಎರಡು ಎಕ್ಸ್‌ರೇ. "ಮೂರು ಇದ್ವು" ಅಂದಳು. "ಗ್ರಹಣದ ದಿನ ಓಣಿ ಮಂದಿ ಸೂರ್ಯನ್ನ ನೋಡಾಕ ಒಂದು ಒಯ್ದ್ರು, ತಿರುಗಿ ಕೊಡ್ಲೇ ಇಲ್ಲ."

ನನಗಿಂತ ಒಳ್ಳೆಯ ರೆಕಾರ್ಡ್ ಕೀಪರ್. ಆದರೆ ಚೀಟಿಗಳಲ್ಲಿ ಇದ್ದದ್ದು ಮಾತ್ರೆಯ ಹೆಸರು, ತಾರೀಖು. ಊದಿದ ಅಂಕಿ ಇರಲಿಲ್ಲ. ಅಂಕಿ ಬರೆದ ಚೀಟಿಯನ್ನು ಡಾಕ್ಟರು ನನಗೆ ಕೊಡುತ್ತಿದ್ದರು, ನಾನು ಟೈಪ್ ಮಾಡಿ ಹರಿದು ಬುಟ್ಟಿಗೆ ಹಾಕುತ್ತಿದ್ದೆ. ನೀಟಾಗಿ.

ಡಾಕ್ಟರು ಒಂದು ಪತ್ರ ಬರೆದುಕೊಟ್ಟರು, ಮೂರು ವರ್ಷದಿಂದ ಉಸಿರು ಇಳಿಯುತ್ತಿದೆ ಎಂದು. ಇಂಗ್ಲಿಷ್ ನಾನು ತಿದ್ದಿದೆ. ಸೋಮವಾರ ಕಮಿಟಿಯವರು ಅದನ್ನು ಓದಿ, ಅಂಕಿ ಎಲ್ಲಿ ಎಂದರಂತೆ. ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು ಕೆಳಗಿಟ್ಟರಂತೆ. ಪೂರ್ತಿ ರೆಕಾರ್ಡ್ ಆದ ಮೇಲೆ ಬಾ ಅಂದರಂತೆ.

ನಿನ್ನೆ ಮಂಗಳವಾರ ಈರಪ್ಪ ಮತ್ತೆ ಬಂದ. ಪರೀಕ್ಷೆಯ ಲೆಕ್ಕ ಮತ್ತೆ ಒಂದರಿಂದ ಶುರು. ಊದಿದ. ಮುಳ್ಳು ಸ್ವಲ್ಪ ಎದ್ದು ಕೂತಿತು. ಹೊಸ ಸರ್ವರಿನಲ್ಲಿ ಮೊದಲ ಹೆಸರು ಅವನದೇ. ಟೈಪ್ ಮಾಡಿದೆ, ಪ್ರಿಂಟ್ ತೆಗೆದು ಅವನಿಗೊಂದು ಕೊಟ್ಟೆ, ಹೊಸ ರಿಜಿಸ್ಟರಿನಲ್ಲೂ ಬರೆದೆ. ಯಂತ್ರ ಭರ್ಜರಿಯಾಗಿ ಓಡುತ್ತಿದೆ. ಐದು ದಿನದಲ್ಲಿ ಒಮ್ಮೆಯೂ ನಿಂತಿಲ್ಲ. ಹಾರ ಒಣಗಿದೆ, ಅದನ್ನು ತೆಗೆಯಲು ಯಾರಿಗೂ ನೆನಪಿಲ್ಲ.

ಗಂಗಮ್ಮ ಪ್ರಿಂಟನ್ನು ಮಡಚಿ ಕವರಿನ ತಳಕ್ಕೆ ಸೇರಿಸುತ್ತಿದ್ದಳು. ನಾನು ಈರಪ್ಪನ ಮುಖ ನೋಡದೆ, ಸ್ಕ್ರೀನ್ ನೋಡುತ್ತ, ಅಳಿಸುವ ಮೊದಲು ಅದು ನನ್ನನ್ನು ಒಂದು ಮಾತು ಕೇಳಿತ್ತು, ನಾನೇ ಗಮನಿಸಲಿಲ್ಲ ಅಂದೆ.

"ಕೇಳಿತ್ತೇನ್ರಿ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಹಂಗಾರ ಮಷಿನ್ನು ಚಲೋ ಐತಿ ಬಿಡ್ರಿ ಅಮ್ಮಾರ. ನಮ್ಮ ಗುಡ್ಡ ತೆಗೆಯೋ ಮುಂದ, ನನ್ನ ಕ್ರಷರಿಗೆ ನಿಂದ್ರಿಸೋ ಮುಂದ, ಯಾರೂ ಒಂದು ಮಾತು ಕೇಳ್ಲಿಲ್ಲ."

ಕೇಳಿದ್ದು ನಿಜ, ಈರಪ್ಪ. ಅಷ್ಟು ಚೆನ್ನಾಗಿ ಓದಿಯೂ ಯೆಸ್ ಅಂದವಳನ್ನು ಏನೆಂದು ಕರೆಯಬೇಕು?